ರಾತ್ರಿ ಎರಡಕ್ಕೆ ಹಿರಿಯರು ಎಲ್ಲಿರುತ್ತಾರೆ?

2024ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಸ್ನಾತಕೋತ್ತರ ವೈದ್ಯೆಯೊಬ್ಬರ ಮೇಲೆ ಅತ್ಯಾಚಾರ ನಡೆದು, ಅವರು ಕೊಲೆಯಾದ ಮೇಲೆ ದೇಶದ ಬಾಯಲ್ಲಿ ಒಂದು ಸಂಖ್ಯೆ ನಿಂತುಬಿಟ್ಟಿತು: 36 ಗಂಟೆಗಳ ಡ್ಯೂಟಿ. ದಣಿದ ವೈದ್ಯೆ ಒರಗಲು ಜಾಗವಿಲ್ಲದೆ ಸೆಮಿನಾರ್ ಹಾಲಿನಲ್ಲಿ ಮಲಗಿದ್ದರು ಎಂಬ ಸಂಗತಿ, ಆಸ್ಪತ್ರೆಗಳ ಒಳಗನ್ನು ಎಂದೂ ನೋಡದವರನ್ನೂ ಬೆಚ್ಚಿಬೀಳಿಸಿತು. ಇಷ್ಟು ದೀರ್ಘ ಪಾಳಿ ಅಮಾನವೀಯ ಎಂಬರ್ಥದ ಮಾತು ಸುಪ್ರೀಂ ಕೋರ್ಟಿನ ಪೀಠದಿಂದಲೂ ಬಂತು. ಅಂದಿನಿಂದ ನಮ್ಮಲ್ಲಿ ಪಿ.ಜಿ. ವೈದ್ಯರ ಬದುಕಿನ ಚರ್ಚೆಯೆಂದರೆ ಗಂಟೆಗಳ ಚರ್ಚೆ. ವಾರಕ್ಕೆ 48 ಇರಲಿ ಎನ್ನುವವರು ಒಂದು ಕಡೆ, 74 ಸಾಕು ಎನ್ನುವವರು ಇನ್ನೊಂದು ಕಡೆ, ನಾವು ನೂರು ಮಾಡಿದ್ದೆವು ಎನ್ನುವ ಹಿರಿಯರು ಮತ್ತೊಂದು ಕಡೆ. ಗಂಟೆಗಳ ಪ್ರಶ್ನೆ ಸಣ್ಣದೆಂದು ನಾನು ಹೇಳುತ್ತಿಲ್ಲ. ಆದರೆ ತುರ್ತು ಚಿಕಿತ್ಸಾ ವಿಭಾಗದ, ಅಂದರೆ ನಾವೆಲ್ಲ ಕ್ಯಾಶುಯಲ್ಟಿ ಎಂದು ಕರೆಯುವ ಜಾಗದ ಮಟ್ಟಿಗೆ, ಅದು ಎರಡನೆಯ ಪ್ರಶ್ನೆ. ಅಲ್ಲಿ ತರಬೇತಿ ಪಡೆಯುವ ರೆಸಿಡೆಂಟ್ ಎಷ್ಟು ಹೊತ್ತು ನಿಂತಿದ್ದಾರೆ ಎಂಬುದಕ್ಕಿಂತ ಮೊದಲು, ಅವರ ಪಕ್ಕದಲ್ಲಿ ಯಾರು ನಿಂತಿದ್ದಾರೆ ಎಂದು ಕೇಳಬೇಕು. ಹಗಲು ಹನ್ನೊಂದಕ್ಕಲ್ಲ, ರಾತ್ರಿ ಎರಡಕ್ಕೆ.

ಯಾಕೆಂದು ತಿಳಿಯಲು ಕರ್ನಾಟಕದ ಯಾವುದೇ ದೊಡ್ಡ ಕ್ಯಾಶುಯಲ್ಟಿ ಬಲ್ಲ ಒಂದು ಕೇಸನ್ನು ಹತ್ತಿರದಿಂದ ನೋಡಬೇಕು. ಬೆಳೆಗೆ ಹೊಡೆಯುವ ಔಷಧಿ ಕುಡಿದವರನ್ನು ಕರೆತರುತ್ತಾರೆ. ಆರ್ಗನೋಫಾಸ್ಫೇಟ್ ವಿಷ: ಬಾಯಿ ಮೂಗಲ್ಲಿ ನೊರೆ, ಮೈಯೆಲ್ಲ ಬೆವರು, ಕಣ್ಣಪಾಪೆ ಸೂಜಿಮೊನೆಯಷ್ಟು, ಎದೆಯೊಳಗೆ ನೀರು ತುಂಬಿದಂಥ ಗೊರಗೊರ. ಮದ್ದು ಅಟ್ರೋಪಿನ್. ಮೊದಲು 1.8ರಿಂದ 3 ಮಿಲಿಗ್ರಾಂ ಕೊಟ್ಟು, ಐದು ನಿಮಿಷ ನೋಡಿ, ಸಾಲದಿದ್ದರೆ ಎರಡರಷ್ಟು, ಮತ್ತೈದು ನಿಮಿಷಕ್ಕೆ ಅದರ ಎರಡರಷ್ಟು. ನಮ್ಮಲ್ಲಿ ಸಿಗುವ ಆಂಪ್ಯೂಲು ಸಾಮಾನ್ಯವಾಗಿ 0.6 ಮಿಲಿಗ್ರಾಂನದು. ಹಾಗಾಗಿ ಮೊದಲು ಮೂರು ಒಡೆಯಬೇಕು, ಆಮೇಲೆ ಆರು, ಹನ್ನೆರಡು, ಇಪ್ಪತ್ತನಾಲ್ಕು. ಕಾಲು ಗಂಟೆಯೊಳಗೆ 45 ಗಾಜಿನ ಕತ್ತುಗಳನ್ನು ಮುರಿದಿರುತ್ತಾರೆ ನರ್ಸ್ ಮತ್ತು ಹೌಸ್ ಸರ್ಜನ್. ಪ್ರತಿ ಐದು ನಿಮಿಷಕ್ಕೂ ರೆಸಿಡೆಂಟ್ ನೋಡಬೇಕಾದದ್ದು ಎದೆ ಒಣಗಿತೇ, ಕಂಕುಳ ಬೆವರು ನಿಂತಿತೇ, ನಾಡಿ 80 ದಾಟಿತೇ, ಬಿ.ಪಿ. ಏರಿತೇ ಎಂದು. ಇಷ್ಟೂ ಪುಸ್ತಕದಲ್ಲಿದೆ. ಪುಸ್ತಕ ಓದಿದವರಿಗೂ ಕೈಕೊಡುವುದು ಮುಂದಿನ ಹೆಜ್ಜೆ. ಎದೆಯ ಎರಡೂ ಕಡೆ ಒದ್ದೆ ಸದ್ದಿದ್ದರೆ ಮದ್ದು ಇನ್ನೂ ಸಾಲದು ಎಂದರ್ಥ. ಬಲಗಡೆ ಕೆಳಭಾಗದಲ್ಲಿ ಮಾತ್ರ ಇದ್ದರೆ ವಾಂತಿ ಶ್ವಾಸಕೋಶಕ್ಕೆ ಇಳಿದಿರಬಹುದು. ಅದು ಎಷ್ಟು ಅಟ್ರೋಪಿನ್ ಸುರಿದರೂ ಒಣಗದು. ಈ ವ್ಯತ್ಯಾಸ ತಿಳಿಯದವರು ಕೊಡುತ್ತಲೇ ಹೋಗುತ್ತಾರೆ. ರೋಗಿಗೆ ಜ್ವರ ಏರಿ, ಭ್ರಮೆ ಹತ್ತಿ, ಹಾಸಿಗೆಗೆ ಕಟ್ಟಿಹಾಕುವ ಸ್ಥಿತಿ ಬರುತ್ತದೆ. ತಿಳಿದವರು ಪಕ್ಕದಲ್ಲಿದ್ದರೆ ಸ್ಟೆತಾಸ್ಕೋಪನ್ನು ಎರಡಿಂಚು ಸರಿಸಿ, ‘ಇಲ್ಲಿ ಕೇಳಿ, ಈಗ ಇಲ್ಲಿ ಕೇಳಿ’ ಎನ್ನುತ್ತಾರೆ. ಮೂರು ವರ್ಷದ ಎಂ.ಡಿ. ಕೋರ್ಸಿನ ತಿರುಳೆಲ್ಲ ಆ ಎರಡಿಂಚಿನಲ್ಲಿದೆ. ಮರುದಿನ ಬೆಳಿಗ್ಗೆ ರೌಂಡ್ಸ್‌ನಲ್ಲಿ ಕೇಸ್‌ಶೀಟ್ ಓದಿ ಹೇಳಿಕೊಟ್ಟರೆ ಅದು ಬಾರದು. ಅಷ್ಟು ಹೊತ್ತಿಗೆ ಆ ಸದ್ದೇ ಇರುವುದಿಲ್ಲ.

ತುರ್ತು ವೈದ್ಯಶಾಸ್ತ್ರಕ್ಕೂ ಮಿಕ್ಕ ಶಾಖೆಗಳಿಗೂ ಇರುವ ಅಂತರ ಇದೇ. ಸರ್ಜರಿಯ ಪಿ.ಜಿ. ತನ್ನ ಗುರುವಿನ ಜತೆ ಹಗಲು ಹೊತ್ತು ನಿಗದಿಯಾದ ಆಪರೇಷನ್‌ಗೆ ಕೈತೊಳೆದು ನಿಲ್ಲಬಹುದು. ಚರ್ಮರೋಗದ ಪಿ.ಜಿ. ಓ.ಪಿ.ಡಿ.ಯಲ್ಲಿ ಪ್ರಾಧ್ಯಾಪಕರ ಮೇಜಿನ ಪಕ್ಕ ಕೂರಬಹುದು. ತುರ್ತು ವಿಭಾಗಕ್ಕೆ ರೋಗಿ ಬರುವುದಕ್ಕೆ ಹೊತ್ತುಗೊತ್ತಿಲ್ಲ. ಬಂದವರಿಗೆ ಕಾಯಿಲೆಯ ಹೆಸರೂ ಇರುವುದಿಲ್ಲ. ‘ಎದೆನೋವು’ ಎಂದು ಬಂದವರಲ್ಲಿ ಹತ್ತು ನಿಮಿಷದೊಳಗೆ ಇ.ಸಿ.ಜಿ. ತೆಗೆದು ಹೃದಯಾಘಾತವೋ ಅಲ್ಲವೋ ತೀರ್ಮಾನವಾಗಬೇಕು. ಒಂದು ಕಡೆ ಕೈಕಾಲು ಬಿದ್ದುಹೋದವರಿಗೆ ರಕ್ತ ಕರಗಿಸುವ ಮದ್ದು ಕೊಡಲು ಇರುವುದು ನಾಲ್ಕೂವರೆ ಗಂಟೆ. ಅದರಲ್ಲಿ ಮೂರೂವರೆ ಊರಿಂದ ಬರುವುದರಲ್ಲೇ ಕಳೆದಿರುತ್ತದೆ. ಹಾವು ಕಚ್ಚಿದವರ ರಕ್ತವನ್ನು ಗಾಜಿನ ಟ್ಯೂಬಿನಲ್ಲಿ 20 ನಿಮಿಷ ಅಲುಗಿಸದೆ ಇಟ್ಟು, ಹೆಪ್ಪುಗಟ್ಟಿದೆಯೇ ಎಂದು ನೋಡಬೇಕು. ಆ ಇಪ್ಪತ್ತು ನಿಮಿಷದಲ್ಲಿ ಇನ್ನು ನಾಲ್ಕು ಟ್ರಾಲಿ ಒಳಗೆ ಬಂದಿರುತ್ತವೆ. ಇಲ್ಲಿ ಕಲಿಯಬೇಕಾದದ್ದು ಮಾಹಿತಿ ಸಾಲದಿರುವಾಗ ತೀರ್ಮಾನ ಮಾಡುವುದನ್ನು. ತೀರ್ಮಾನ ಆಗುವ ಗಳಿಗೆಯಲ್ಲಿ ಗುರು ಇಲ್ಲದಿದ್ದರೆ ರೆಸಿಡೆಂಟ್‌ಗೆ ಅನುಭವವೇನೋ ಸಿಗುತ್ತದೆ. ಆ ಅನುಭವ ಸರಿಯೋ ತಪ್ಪೋ ಎಂದು ಹೇಳುವವರು ಇರುವುದಿಲ್ಲ.

ಗುರು ಹೀಗೆ ಇಲ್ಲದಿರುವುದಕ್ಕೊಂದು ಚರಿತ್ರೆಯ ಕಾರಣವಿದೆ. ಕ್ಯಾಶುಯಲ್ಟಿ ಎಂಬುದು ಬಹುಕಾಲ ದಿಕ್ಕಿಲ್ಲದ ಕೋಣೆಯಾಗಿತ್ತು. ಅಮೆರಿಕದಲ್ಲಿಯೂ ಆಸ್ಪತ್ರೆಯ ಅತಿ ಕಿರಿಯ ವೈದ್ಯರನ್ನು, ಇಲ್ಲವೇ ಸರದಿಯಲ್ಲಿ ಯಾವ ವಿಭಾಗದವರನ್ನಾದರೂ ಅಲ್ಲಿ ನಿಲ್ಲಿಸುತ್ತಿದ್ದರು. 1970ರಲ್ಲಿ ಸಿನ್ಸಿನಾಟಿ ವಿಶ್ವವಿದ್ಯಾಲಯ ತುರ್ತು ಚಿಕಿತ್ಸೆಗೆಂದೇ ಮೊದಲ ರೆಸಿಡೆನ್ಸಿ ತೆರೆದಾಗ ಸೇರಿದವರು ಬ್ರೂಸ್ ಜಾನಿಯಕ್ ಎಂಬ ಒಬ್ಬರೇ ಒಬ್ಬರು. ಪ್ರತ್ಯೇಕ ತಜ್ಞಶಾಖೆಯೆಂಬ ಮನ್ನಣೆ ಸಿಗಲು 1979ರವರೆಗೆ ಕಾಯಬೇಕಾಯಿತು. ಭಾರತದಲ್ಲಿ ಅದು ಇನ್ನೂ ಮೂವತ್ತು ವರ್ಷ ತಡ: ಅಂದಿನ ಭಾರತೀಯ ವೈದ್ಯಕೀಯ ಪರಿಷತ್ತು ಎಂ.ಡಿ. ಎಮರ್ಜೆನ್ಸಿ ಮೆಡಿಸಿನ್ ಅನ್ನು ಒಪ್ಪಿದ್ದು 2009ರಲ್ಲಿ. ನಮ್ಮ ರಾಜ್ಯದಲ್ಲಿ 108 ಆಂಬುಲೆನ್ಸ್ ಓಡತೊಡಗಿದ್ದು 2008ರ ನವೆಂಬರ್‌ನಲ್ಲಿ. ಎಂದರೆ ರೋಗಿಯನ್ನು ಹೊತ್ತು ತರುವ ಗಾಡಿ ಮೊದಲು ಬಂತು. ಬಾಗಿಲಲ್ಲಿ ಬರಮಾಡಿಕೊಳ್ಳುವ ತಜ್ಞರನ್ನು ತಯಾರು ಮಾಡುವ ಕೋರ್ಸು ಆಮೇಲೆ ಬಂತು. ಅಲ್ಲಿಯವರೆಗೆ ಕ್ಯಾಶುಯಲ್ಟಿಯನ್ನು ನಡೆಸಿದ್ದು ಹೌಸ್ ಸರ್ಜನ್‌ಗಳು ಮತ್ತು ಒಬ್ಬ ಡ್ಯೂಟಿ ಡಾಕ್ಟರು. ಹಳೆಯ ರೂಢಿ ಹಾಗೇ ಉಳಿಯಿತು, ಅದರ ಮೇಲೆ ಹೊಸ ಪದವಿಯನ್ನು ಕೂರಿಸಿದೆವು. ಹೌಸ್ ಸರ್ಜನ್ ನಿಲ್ಲುತ್ತಿದ್ದ ಜಾಗಕ್ಕೆ ಪಿ.ಜಿ. ಬಂದರು. ಹಿರಿಯರು ಮೊದಲಿನಂತೆಯೇ ಫೋನಿನ ಆಚೆ ಉಳಿದರು.

ಫೋನಿನ ಆಚೆಯ ಹಿರಿಯರು ಏನಾಗಬಲ್ಲರು ಎಂಬುದಕ್ಕೆ ವೈದ್ಯಲೋಕದಲ್ಲಿ ಎಲ್ಲರೂ ಬಲ್ಲ ಪ್ರಕರಣವೊಂದಿದೆ. ಕುತೂಹಲವೆಂದರೆ ಅದನ್ನು ಎಲ್ಲರೂ ಗಂಟೆಗಳ ಕಥೆಯಾಗಿಯೇ ಹೇಳುತ್ತಾರೆ. 1984ರ ಮಾರ್ಚ್‌ನಲ್ಲಿ ಲಿಬ್ಬಿ ಜಯಾನ್ ಎಂಬ 18 ವರ್ಷದ ಹುಡುಗಿ ಜ್ವರ, ನಡುಕ ಎಂದು ನ್ಯೂಯಾರ್ಕಿನ ಆಸ್ಪತ್ರೆಯೊಂದಕ್ಕೆ ಸೇರಿ ಕೆಲವೇ ಗಂಟೆಗಳಲ್ಲಿ ತೀರಿಕೊಂಡಳು. ಖಿನ್ನತೆಗೆ ಆಕೆ ತೆಗೆದುಕೊಳ್ಳುತ್ತಿದ್ದ ಫೆನೆಲ್ಜಿನ್ ಮಾತ್ರೆಗೆ ಹೊಂದದ ಪೆಥಿಡಿನ್ ಚುಚ್ಚುಮದ್ದನ್ನು ಅಲ್ಲಿ ಕೊಟ್ಟಿದ್ದರು. ನೋಡಿಕೊಂಡವರು ಒಬ್ಬ ಇಂಟರ್ನ್ ಮತ್ತು ಎರಡನೇ ವರ್ಷದ ರೆಸಿಡೆಂಟ್. ಇಂಟರ್ನ್‌ಗೆ ಆ ರಾತ್ರಿ ಬೇರೆ ಹತ್ತಾರು ರೋಗಿಗಳ ಹೊಣೆಯೂ ಇತ್ತು. ಹಿರಿಯ ವೈದ್ಯರ ಸಲಹೆ ಬಂದದ್ದು ಮನೆಯಿಂದ, ದೂರವಾಣಿಯಲ್ಲಿ. ತಂದೆ ಪತ್ರಕರ್ತರು, ಬಿಡಲಿಲ್ಲ. ಗ್ರ್ಯಾಂಡ್ ಜ್ಯೂರಿ ವೈದ್ಯರ ಮೇಲೆ ಕ್ರಿಮಿನಲ್ ಆರೋಪ ಹೊರಿಸದೆ, ಬೆರಳು ತೋರಿದ್ದು ವ್ಯವಸ್ಥೆಯ ಕಡೆಗೆ. ಬರ್ಟ್ರಂಡ್ ಬೆಲ್ ಅಧ್ಯಕ್ಷತೆಯ ಸಮಿತಿಯ ಶಿಫಾರಸಿನಂತೆ 1989ರಲ್ಲಿ ನ್ಯೂಯಾರ್ಕ್ ರಾಜ್ಯ ರೆಸಿಡೆಂಟರಿಗೆ ವಾರಕ್ಕೆ 80 ಗಂಟೆಯ ಮಿತಿ ತಂದಿತು. 2003ರಲ್ಲಿ ಅಮೆರಿಕವಿಡೀ ಅದೇ ಮಿತಿ ಬಂತು. ಜಗತ್ತು ನೆನಪಿಟ್ಟುಕೊಂಡದ್ದು ಈ 80ನ್ನು. ಬೆಲ್ ಸಮಿತಿ ಅದರ ಜತೆಗೇ ಇಟ್ಟಿದ್ದ ಇನ್ನೊಂದು ಬೇಡಿಕೆ, ಅನುಭವಿ ವೈದ್ಯರು ಹಗಲು ರಾತ್ರಿ ಆಸ್ಪತ್ರೆಯಲ್ಲೇ ಇದ್ದು ಮೇಲ್ವಿಚಾರಣೆ ಮಾಡಬೇಕೆಂಬುದು, ಹಿಂದೆ ಸರಿಯಿತು. ಬೆಲ್ ಅವರೇ ಮುಂದೆ ವೈದ್ಯ ನಿಯತಕಾಲಿಕವೊಂದರಲ್ಲಿ ಗಂಟೆಗಳ ನಿಯಂತ್ರಣಕ್ಕಿಂತ ಮೇಲ್ವಿಚಾರಣೆಯೇ ಮುಖ್ಯ ಎಂದು ವಾದಿಸಿ ಬರೆದರು. ತಮ್ಮ ಹೆಸರಿನ ನಿಯಮವನ್ನು ಲೋಕ ಅರ್ಧ ಮಾತ್ರ ಓದಿತು ಎಂಬ ಬೇಸರ ಅವರಿಗಿದ್ದಿದ್ದರೆ ಆಶ್ಚರ್ಯವಿಲ್ಲ.

ಹಾಗೆಂದು ದಣಿವನ್ನು ಲಘುವಾಗಿ ಕಾಣುವಂತಿಲ್ಲ. ಸತತ 17 ಗಂಟೆ ಎಚ್ಚರವಿದ್ದವರ ಕೈ ಮತ್ತು ಕಣ್ಣಿನ ಹೊಂದಾಣಿಕೆಯ ಚುರುಕು, ರಕ್ತದಲ್ಲಿ 0.05 ಶೇಕಡಾ ಮದ್ಯವಿದ್ದವರ ಮಟ್ಟಕ್ಕೆ ಇಳಿಯುತ್ತದೆಂದು 1997ರಲ್ಲೇ ಆಸ್ಟ್ರೇಲಿಯಾದ ಸಂಶೋಧಕರು ತೋರಿಸಿದ್ದರು. 24 ಗಂಟೆ ದಾಟಿದರೆ 0.10ರ ಆಸುಪಾಸು. ನಮ್ಮ ಮೋಟಾರು ವಾಹನ ಕಾಯ್ದೆ ಚಾಲಕರಿಗೆ ಇಟ್ಟಿರುವ ಮಿತಿ 0.03. ಸ್ಕೂಟರ್ ಓಡಿಸಲು ಕಾನೂನು ಬಿಡದ ಮಂಪರಿನಲ್ಲಿ ಇನ್ನೊಬ್ಬರ ಗಂಟಲಿಗೆ ಉಸಿರಿನ ಟ್ಯೂಬು ಇಳಿಸಲು ಆಸ್ಪತ್ರೆ ಬಿಡುತ್ತದೆ ಎಂದಾಯಿತು. ದೀರ್ಘ ಪಾಳಿ ಮುಗಿಸಿ ಮನೆಗೆ ಹೊರಟ ಅಮೆರಿಕದ ಇಂಟರ್ನ್‌ಗಳಿಗೆ ರಸ್ತೆ ಅಪಘಾತವಾಗುವ ಸಂಭವ ಎರಡು ಪಟ್ಟಿಗೂ ಮೀರಿತ್ತು ಎಂದು 2005ರ ಅಧ್ಯಯನವೊಂದು ಕಂಡುಕೊಂಡಿತು. ಅದರ ಹಿಂದಿನ ವರ್ಷ ಬಂದ ಹಾರ್ವರ್ಡ್ ಅಧ್ಯಯನದಲ್ಲಿ, ತೀವ್ರ ನಿಗಾ ಘಟಕದಲ್ಲಿ ಹಳೆಯ ಮಾದರಿಯ ದೀರ್ಘ ಪಾಳಿ ಮಾಡಿದ ಇಂಟರ್ನ್‌ಗಳು, ಚಿಕ್ಕ ಪಾಳಿಯವರಿಗಿಂತ 36 ಶೇಕಡಾ ಹೆಚ್ಚು ಗಂಭೀರ ತಪ್ಪು ಮಾಡಿದ್ದರು. ಇಷ್ಟಕ್ಕೇ ಓದು ನಿಲ್ಲಿಸಿದರೆ ವಾದ ಸುಲಭ. ಆದರೆ ಪುರಾವೆ ಇಷ್ಟಕ್ಕೇ ನಿಲ್ಲುವುದಿಲ್ಲ.

2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಮೆರಿಕದ 117 ಸರ್ಜರಿ ತರಬೇತಿ ಕೇಂದ್ರಗಳನ್ನೂ, 2019ರಲ್ಲಿ ಪ್ರಕಟವಾದ ಇನ್ನೊಂದು 63 ಜನರಲ್ ಮೆಡಿಸಿನ್ ಕೇಂದ್ರಗಳನ್ನೂ ಎರಡು ಗುಂಪು ಮಾಡಿ, ಒಂದಕ್ಕೆ ಬಿಗಿ ಪಾಳಿ, ಇನ್ನೊಂದಕ್ಕೆ ಸಡಿಲ ಪಾಳಿ ಕೊಟ್ಟು ನೋಡಿದವು. ವಾರದ 80 ಗಂಟೆಯ ಮೇಲ್ಮಿತಿ ಎರಡಕ್ಕೂ ಒಂದೇ. ರೋಗಿಗಳ ಸಾವಿನ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2020ರ ಇನ್ನೊಂದು ಅಧ್ಯಯನವಂತೂ ನಿರೀಕ್ಷೆಯನ್ನೇ ತಲೆಕೆಳಗು ಮಾಡಿತು: ಮಕ್ಕಳ ಆರು ತೀವ್ರ ನಿಗಾ ಘಟಕಗಳಲ್ಲಿ ದೀರ್ಘ ಪಾಳಿ ತೆಗೆದುಹಾಕಿದಾಗ ಗಂಭೀರ ತಪ್ಪುಗಳು ಏರಿದವು. ಕಾರಣ ಹುಡುಕಿದರೆ, ಪಾಳಿ ಚಿಕ್ಕದಾಗಿಸಿದವರು ಜನರನ್ನು ಸಾಕಷ್ಟು ಹೆಚ್ಚಿಸಿರಲಿಲ್ಲ, ಒಬ್ಬ ರೆಸಿಡೆಂಟ್‌ನ ಪಾಲಿಗೆ ಬಂದ ಮಕ್ಕಳ ಸಂಖ್ಯೆ ಹೆಚ್ಚಿತ್ತು. ಆ ಹೊರೆಯನ್ನು ಲೆಕ್ಕಕ್ಕೆ ಹಿಡಿದ ಮೇಲೆ ಚಿಕ್ಕ ಪಾಳಿಯ ಮೇಲಿನ ದೂರು ಉಳಿಯಲಿಲ್ಲ. ಇದನ್ನೆಲ್ಲ ಓದಿ ‘ನೋಡಿ, ದೀರ್ಘ ಪಾಳಿಯಿಂದ ನಷ್ಟವೇನಿಲ್ಲ’ ಎನ್ನುವವರಿದ್ದಾರೆ. ನನಗೆ ಕಾಣುವುದು ಬೇರೆ. ಆ ದೇಶದಲ್ಲಿ ಗಂಟೆಗಳು ಹಿಗ್ಗಿದರೂ ಕುಗ್ಗಿದರೂ ರೋಗಿ ಸುರಕ್ಷಿತವಾಗಿ ಉಳಿದನೆಂದರೆ, ಬೇರೆ ಯಾವುದೋ ಅವನನ್ನು ಕಾಯುತ್ತಿತ್ತು. ಆ ಬೇರೆ ಯಾವುದೋ ಏನೆಂದು ತಿಳಿಯಲು ಅಲ್ಲಿನ ತುರ್ತು ವಿಭಾಗಗಳ ನಿಯಮ ಓದಿದರೆ ಸಾಕು. ಅಲ್ಲಿ ಒಂದು ಪಾಳಿ 12 ಗಂಟೆ ಮೀರುವಂತಿಲ್ಲ. ವಾರದಲ್ಲಿ ರೋಗಿಗಳನ್ನು ನೋಡುವ ಸಮಯ 60 ಗಂಟೆ, ಓದು ಪಾಠ ಎಲ್ಲ ಸೇರಿ 72. ಮಿಕ್ಕ ಶಾಖೆಗಳ 80ಕ್ಕಿಂತ ಇದು ಬಿಗಿ. ಅದರ ಮೇಲೆ, ತುರ್ತು ಚಿಕಿತ್ಸೆಯ ಅಧ್ಯಾಪಕರು ಇಪ್ಪತ್ತನಾಲ್ಕು ಗಂಟೆಯೂ ವಿಭಾಗದೊಳಗೇ ಇರಬೇಕು.

ಈ ಬಿಗಿಗೆ ಕಾರಣವೂ ಉಂಟು. ವಾರ್ಡಿನ ಹನ್ನೆರಡು ಗಂಟೆ ಮತ್ತು ಕ್ಯಾಶುಯಲ್ಟಿಯ ಹನ್ನೆರಡು ಗಂಟೆ ಒಂದೇ ಅಲ್ಲ. ತುರ್ತು ವೈದ್ಯರ ಬೆನ್ನಹಿಂದೆ ನಿಂತು ಎಣಿಸಿದ, 2000ದಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರ ಪ್ರಕಾರ 180 ನಿಮಿಷದಲ್ಲಿ ಸರಾಸರಿ 31 ಸಲ ಅವರ ಕೆಲಸಕ್ಕೆ ಅಡಚಣೆ ಬರುತ್ತದೆ. ಎಂದರೆ ಆರು ನಿಮಿಷಕ್ಕೊಮ್ಮೆ ಯಾರೋ ಕರೆಯುತ್ತಾರೆ. ನಮ್ಮಲ್ಲಿ ಯಾರೂ ಹಾಗೆ ಎಣಿಸಿದ್ದು ನಾನು ನೋಡಿಲ್ಲ. ಆದರೆ ನಮ್ಮ ರೆಸಿಡೆಂಟ್ ಮಾಡುವ ಕೆಲಸದ ಪಟ್ಟಿಗೆ ಇನ್ನೂ ಕೆಲವನ್ನು ಸೇರಿಸಬೇಕಾಗುತ್ತದೆ. ಎಂ.ಎಲ್.ಸಿ., ಅಂದರೆ ಪೊಲೀಸ್ ಕೇಸುಗಳ ಪುಸ್ತಕದಲ್ಲಿ ಗಾಯದ ಉದ್ದಗಲ ಬರೆಯುವುದು, ಠಾಣೆಗೆ ತಿಳಿಸುವುದು, ಐ.ಸಿ.ಯು. ಹಾಸಿಗೆಗಾಗಿ ಇನ್ನೊಂದು ವಿಭಾಗದ ಪಿ.ಜಿ. ಜತೆ ಫೋನಿನಲ್ಲಿ ಹಗ್ಗಜಗ್ಗಾಟ, ಸ್ಕ್ಯಾನಿಗೆ ದುಡ್ಡಿಲ್ಲ ಎನ್ನುವವರಿಗೆ ಯಾವ ಕಾರ್ಡು ನಡೆಯುತ್ತದೆಂದು ವಿವರಿಸುವುದು, ವಾರ್ಡ್‌ಬಾಯ್ ಸಿಗದಾಗ ಟ್ರಾಲಿ ತಳ್ಳುವುದು. ಇದರಲ್ಲಿ ವೈದ್ಯವಿದ್ಯೆ ಯಾವುದು, ಗುಮಾಸ್ತಗಿರಿ ಯಾವುದು ಎಂದು ಬೇರೆ ಮಾಡಿ ನೋಡುವ ಅಧಿಕಾರ ರೆಸಿಡೆಂಟ್‌ಗೆ ಇಲ್ಲ. ಹಿರಿಯರೊಬ್ಬರು ಅಲ್ಲೇ ಇದ್ದರೆ ಐ.ಸಿ.ಯು. ಹಾಸಿಗೆಯ ಜಗಳ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಪದವಿಗೆ ಇರುವ ತೂಕ ವಾದಕ್ಕೆ ಇಲ್ಲ, ಯಾವ ಕಚೇರಿಯಲ್ಲಾದರೂ ಅಷ್ಟೇ.

ಈಗ ನಮ್ಮ ನಿಯಮಗಳ ಕಡೆ ಬರೋಣ. ಕೇಂದ್ರ ಆರೋಗ್ಯ ಸಚಿವಾಲಯ 1992ರ ಜೂನ್‌ನಲ್ಲಿ ಹೊರಡಿಸಿದ ರೆಸಿಡೆನ್ಸಿ ಯೋಜನೆಯಲ್ಲಿ ಕಿರಿಯ ರೆಸಿಡೆಂಟ್ ‘ಸಾಮಾನ್ಯವಾಗಿ’ ವಾರಕ್ಕೆ 48 ಗಂಟೆ, ಒಮ್ಮೆಗೆ 12 ಗಂಟೆ ಮೀರದಂತೆ ದುಡಿಯಬೇಕು ಎಂದಿದೆ. ಮೂವತ್ತು ವರ್ಷ ಆ ‘ಸಾಮಾನ್ಯವಾಗಿ’ ಎಂಬ ಒಂದು ಪದದೊಳಗೆ ಇಡೀ ದೇಶದ ನೈಟ್ ಡ್ಯೂಟಿಗಳು ನುಸುಳಿಹೋದವು. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ಸ್ನಾತಕೋತ್ತರ ನಿಯಮ ಇನ್ನೂ ಜಾಣತನದ್ದು. ಪಿ.ಜಿ.ಗಳು ಪೂರ್ಣಾವಧಿ ರೆಸಿಡೆಂಟ್ ವೈದ್ಯರಾಗಿ ‘ಸಮಂಜಸ’ ಗಂಟೆಗಳು ದುಡಿಯಬೇಕು, ‘ಸಮಂಜಸ’ ವಿಶ್ರಾಂತಿ ಪಡೆಯಬೇಕು ಎನ್ನುತ್ತದೆ. ಅಂಕಿಯ ಸುದ್ದಿಯೇ ಇಲ್ಲ. ಆಯೋಗದ್ದೇ ಮಾನಸಿಕ ಆರೋಗ್ಯ ಕಾರ್ಯಪಡೆ 2024ರಲ್ಲಿ ವಾರಕ್ಕೆ 74 ಗಂಟೆ ಮೀರಬಾರದೆಂದು, ವಾರಕ್ಕೊಂದು ರಜೆ ಇರಲೇಬೇಕೆಂದು ಹೇಳಿತು. ಅದು ನಡೆಸಿದ ಸಮೀಕ್ಷೆಗೆ ಉತ್ತರಿಸಿದ ಪಿ.ಜಿ.ಗಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ವಾರದ ರಜೆ ಸಿಗುವುದಿಲ್ಲ ಎಂದಿದ್ದರು. ಈ ಎಲ್ಲ ಕಾಗದಗಳ ಹಿಂದೆ ಒಂದು ಹಳೆಯ ಅನುಕೂಲ ಕೂತಿದೆ. ಸಂಬಳದ ಮಾತು ಬಂದಾಗ ಪಿ.ಜಿ. ವಿದ್ಯಾರ್ಥಿ, ಹಾಗಾಗಿ ಸಿಗುವುದು ಶಿಷ್ಯವೇತನ. ಕೆಲಸದ ಮಾತು ಬಂದಾಗ ಪಿ.ಜಿ. ಪೂರ್ಣಾವಧಿ ವೈದ್ಯ, ಹಾಗಾಗಿ ರಾತ್ರಿಯೆಲ್ಲ ಆಸ್ಪತ್ರೆ ನಡೆಸಬೇಕು. ವಿದ್ಯಾರ್ಥಿ ಎಂಬ ಮಾತನ್ನು ನಿಜವಾಗಿಯೂ ಹಿಡಿದರೆ ಮೊದಲು ಕೇಳಬೇಕಾದದ್ದು ಮೇಷ್ಟ್ರು ಎಲ್ಲಿ ಎಂದು. ಮೇಷ್ಟ್ರಿಲ್ಲದ ಎಂಟು ಗಂಟೆಯ ಪಾಳಿಯೂ ತರಗತಿಯಲ್ಲ. ಅದು ಕಡಿಮೆ ದರದ ಕಾವಲು.

ಇದಕ್ಕೆ ಬರುವ ಮೊದಲ ಆಕ್ಷೇಪ: ರೋಗಿಗಳನ್ನು ನೋಡಿ ನೋಡಿಯೇ ಕಲಿಯಬೇಕು, ಹೊತ್ತು ಕಡಿಮೆಯಾದರೆ ಕೇಸುಗಳೂ ಕಡಿಮೆ. ಇದರಲ್ಲಿ ಸತ್ಯವಿದೆ. ವಿದೇಶದ ತುರ್ತು ವೈದ್ಯರು ವೃತ್ತಿಜೀವನವಿಡೀ ಕಾಣದಷ್ಟು ಹಾವುಕಡಿತ, ವಿಷಪ್ರಾಶನವನ್ನು ನಮ್ಮ ಎರಡನೇ ವರ್ಷದ ಪಿ.ಜಿ. ಒಂದು ಮಳೆಗಾಲದಲ್ಲಿ ಕಂಡಿರುತ್ತಾರೆ. ಹಾವುಕಡಿತವನ್ನು ಕರ್ನಾಟಕ 2024ರಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದ್ದು ಸುಮ್ಮನಲ್ಲ. ಆದರೆ ಕೇಸುಗಳ ಸಂಖ್ಯೆ ಹೇಳುವುದು ಎಷ್ಟು ನೋಡಿದರು ಎಂಬುದನ್ನು ಮಾತ್ರ. ಕ್ಯಾಶುಯಲ್ಟಿಯ ಇನ್ನೊಂದು ಗುಣವೆಂದರೆ ರೋಗಿ ಅಲ್ಲಿಂದ ಹೊರಟುಹೋಗುತ್ತಾನೆ. ವಾರ್ಡಿಗೋ, ಮನೆಗೋ, ಶವಾಗಾರಕ್ಕೋ. ಗ್ಯಾಸ್ಟ್ರಿಕ್ ಎಂದು ಇಂಜೆಕ್ಷನ್ ಕೊಟ್ಟು ಕಳಿಸಿದವರು ಬೆಳಗಾಗುವುದರೊಳಗೆ ಬೇರೊಂದು ಆಸ್ಪತ್ರೆಯಲ್ಲಿ ಹೃದಯಾಘಾತದಿಂದ ಸತ್ತರೆ ಕಳಿಸಿದ ರೆಸಿಡೆಂಟ್‌ಗೆ ತಿಳಿಯುವ ದಾರಿಯೇ ಇಲ್ಲ. ಅವರ ನೆನಪಿನಲ್ಲಿ ಅದು ಸರಿಯಾಗಿ ಬಗೆಹರಿದ ಕೇಸು. ಹೀಗೆ ಬಗೆಹರಿದ ನೂರು ಕೇಸು ಸೇರಿದರೆ ಆತ್ಮವಿಶ್ವಾಸ ಬೆಳೆಯುತ್ತದೆ, ವಿದ್ಯೆ ಬೆಳೆದಿರಲೇಬೇಕೆಂದಿಲ್ಲ. ಇ.ಸಿ.ಜಿ.ಯಲ್ಲಿ ಕಣ್ಣುತಪ್ಪಿದ ಗೆರೆಯನ್ನು ರೋಗಿ ಇನ್ನೂ ಟ್ರಾಲಿಯ ಮೇಲಿರುವಾಗಲೇ ತೋರಿಸುವ ಕಣ್ಣು ಬೇಕು.

ಎರಡನೆಯ ಆಕ್ಷೇಪ ಇದಕ್ಕೆ ನೇರ ವಿರುದ್ಧ ದಿಕ್ಕಿನದು, ಮತ್ತು ಹೆಚ್ಚು ಗಟ್ಟಿಯಾದದ್ದು. ಹಿರಿಯರು ಸದಾ ಬೆನ್ನಿಗಿದ್ದರೆ ಕಿರಿಯರು ಸ್ವಂತ ತೀರ್ಮಾನ ಮಾಡುವುದನ್ನು ಯಾವಾಗ ಕಲಿಯುತ್ತಾರೆ? ನಾಳೆ ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬರೇ ನಿಂತಾಗ ಕೈ ನಡುಗುವುದಿಲ್ಲವೇ? ನಮ್ಮ ಹಳ್ಳಿಗಳಲ್ಲಿ ಮಕ್ಕಳಿಗೆ ಈಜು ಕಲಿಸುವಾಗ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟುತ್ತಿದ್ದರು. ಬುರುಡೆ ಈಜುವುದಿಲ್ಲ, ಮುಳುಗಲು ಬಿಡುವುದಿಲ್ಲ ಅಷ್ಟೇ. ದಿನ ಕಳೆದಂತೆ ಚಿಕ್ಕ ಬುರುಡೆ, ಆಮೇಲೆ ಬುರುಡೆಯೇ ಇಲ್ಲ, ಆದರೆ ಕಲಿಸುವವರು ದಡದಲ್ಲಿ. ಮೇಲ್ವಿಚಾರಣೆ ಎಂದರೆ ಗಂಟಲಿಗೆ ಟ್ಯೂಬು ಇಳಿಸುವಾಗ ಬಳಸುವ ಲ್ಯಾರಿಂಗೋಸ್ಕೋಪನ್ನು ಹಿರಿಯರು ಕೈಯಿಂದ ಕಸಿದುಕೊಳ್ಳುವುದು ಎಂದು ಯಾರು ಹೇಳಿದರು? ಮೊದಲ ವರ್ಷ ಅವರು ಪಕ್ಕದಲ್ಲಿ, ಎರಡನೇ ವರ್ಷ ಅದೇ ಕೋಣೆಯಲ್ಲಿ, ಮೂರನೇ ವರ್ಷ ಕರೆದರೆ ಎರಡು ನಿಮಿಷದಲ್ಲಿ ಬರುವಷ್ಟು ದೂರದಲ್ಲಿ. ಈ ಮೂರೂ ಒಂದೇ ಕಟ್ಟಡದೊಳಗೆ ಆಗುವ ಮಾತು. ಒಳ್ಳೆಯ ಗುರು ಟ್ಯೂಬು ಇಳಿಸುವ ಪಿ.ಜಿ.ಯ ಪಕ್ಕ ಕೈಕಟ್ಟಿ ನಿಂತು ಮಾನಿಟರಿನ ಆಮ್ಲಜನಕದ ಅಂಕಿಯನ್ನು ಮಾತ್ರ ನೋಡುತ್ತಿರುತ್ತಾರೆ. 90ಕ್ಕೆ ಇಳಿಯುವವರೆಗೆ ತುಟಿ ಬಿಚ್ಚುವುದಿಲ್ಲ. ಆ ಮೌನಕ್ಕೆ ಬಹಳ ಅನುಭವ ಬೇಕು. ಅದನ್ನು ಮನೆಯಿಂದ ಫೋನಿನಲ್ಲಿ ಕೊಡಲಾಗುವುದಿಲ್ಲ.

ಪಾಳಿ ಚಿಕ್ಕದಾದರೆ ಹ್ಯಾಂಡೋವರ್, ಅಂದರೆ ರೋಗಿಗಳನ್ನು ಮುಂದಿನ ಪಾಳಿಯವರಿಗೆ ಒಪ್ಪಿಸುವುದು, ಹೆಚ್ಚುತ್ತದೆ, ಹ್ಯಾಂಡೋವರ್‌ನಲ್ಲಿ ಮಾಹಿತಿ ಸೋರುತ್ತದೆ ಎಂಬ ಆಕ್ಷೇಪವೂ ಸುಳ್ಳಲ್ಲ. ಬೆಳಿಗ್ಗೆ ಎಂಟಕ್ಕೆ ಅತಿ ಗಂಭೀರ ರೋಗಿಗಳ ಕೆಂಪು ವಲಯದ ಮುಂದೆ ನಿಂತು ‘ಮೂರನೇ ಬೆಡ್ಡು ಸ್ಟೇಬಲ್’ ಎಂದು ಹೇಳಿ ಬ್ಯಾಗ್ ಹೆಗಲಿಗೇರಿಸಿದರೆ ಅದು ಹ್ಯಾಂಡೋವರ್ ಅಲ್ಲ, ಬಿಡುಗಡೆ. ಆದರೆ ಇದು ಕಲಿಸಬಹುದಾದ ವಿದ್ಯೆ. ಅಮೆರಿಕ ಮತ್ತು ಕೆನಡಾದ ಒಂಬತ್ತು ಆಸ್ಪತ್ರೆಗಳಲ್ಲಿ ರೆಸಿಡೆಂಟರಿಗೆ ಒಂದು ಗೊತ್ತಾದ ಕ್ರಮದಲ್ಲಿ ಹಸ್ತಾಂತರ ಮಾಡಲು ತರಬೇತಿ ಕೊಟ್ಟಾಗ ವೈದ್ಯಕೀಯ ತಪ್ಪುಗಳು 23 ಶೇಕಡಾ, ತಪ್ಪಿಸಬಹುದಾದ ಹಾನಿಗಳು 30 ಶೇಕಡಾ ಇಳಿದವು ಎಂದು 2014ರ ವರದಿ ಹೇಳುತ್ತದೆ. ರೋಗ ಎಷ್ಟು ತೀವ್ರ, ಇಲ್ಲಿಯವರೆಗಿನ ಸಾರಾಂಶವೇನು, ಏನು ಬಾಕಿ ಇದೆ, ಏನು ಕೆಡಬಹುದು, ಕೇಳಿದವರು ಅದನ್ನು ತಿರುಗಿ ಹೇಳುವುದು: ಇಷ್ಟೇ. ಖರ್ಚಿಲ್ಲ. ಅದೂ ಇಬ್ಬರು ದಣಿದ ಪಿ.ಜಿ.ಗಳ ನಡುವೆ ನಡೆಯುವುದಕ್ಕಿಂತ ಒಬ್ಬ ಹಿರಿಯರ ಮುಂದೆ ನಡೆದರೆ ಚೆನ್ನ.

ನಿಜವಾಗಿ ಕಷ್ಟದ ಆಕ್ಷೇಪ ಜನ ಮತ್ತು ಹಣದ್ದು. ರಾತ್ರಿ ನಿಲ್ಲಲು ಅಷ್ಟು ಅಧ್ಯಾಪಕರನ್ನು ಎಲ್ಲಿಂದ ತರುವುದು? ಈ ಶಾಖೆಗೆ ನಮ್ಮಲ್ಲಿ ಇನ್ನೂ ಹದಿಹರೆಯ. ಆಯೋಗದ 2020ರ ನಿಯಮ ಪ್ರತಿ ವೈದ್ಯಕೀಯ ಕಾಲೇಜಿನಲ್ಲೂ ತುರ್ತು ವೈದ್ಯ ವಿಭಾಗ ಕಡ್ಡಾಯ ಎಂದಿತು. 2023ರ ಮಾರ್ಗಸೂಚಿ ಕಡ್ಡಾಯ ವಿಭಾಗಗಳ ಪಟ್ಟಿಯಿಂದ ಅದನ್ನು ಕೈಬಿಟ್ಟಿತು. ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಸಿದುಕೊಂಡರೆ ಆ ಓದಿಗೆ ಬರುವವರಿಗೆ ಮುಂದೆ ಕೆಲಸವೆಲ್ಲಿ, ಅಧ್ಯಾಪಕರಾಗುವವರು ಯಾರು? ಹಾಗಾಗಿ ಎಲ್ಲ ಆಸ್ಪತ್ರೆಗಳಲ್ಲೂ ನಾಳೆಯೇ ಇದು ಆಗಲಿ ಎಂದರೆ ಅದು ಹಗಲುಗನಸು. ಆದರೆ ನಾನು ಹೇಳುತ್ತಿರುವುದು ಎಂ.ಡಿ. ಸೀಟು ಪಡೆದಿರುವ ಕಾಲೇಜುಗಳ ಬಗ್ಗೆ ಮಾತ್ರ. ಇಷ್ಟು ಪ್ರಾಧ್ಯಾಪಕರಿದ್ದರೆ ಇಷ್ಟು ಸೀಟು ಎಂಬ ಲೆಕ್ಕದಲ್ಲೇ ಆಯೋಗ ಅನುಮತಿ ಕೊಡುವುದು. ಎಂದರೆ ಸೀಟು ಇರುವ ಕಡೆ, ಕನಿಷ್ಠ ಕಾಗದದ ಮೇಲೆ, ಪ್ರಾಧ್ಯಾಪಕರು, ಸಹ ಪ್ರಾಧ್ಯಾಪಕರು, ಸಹಾಯಕ ಪ್ರಾಧ್ಯಾಪಕರು, ಸೀನಿಯರ್ ರೆಸಿಡೆಂಟರು ಇದ್ದೇ ಇದ್ದಾರೆ. ಇದ್ದಾರೆ, ಬೆಳಿಗ್ಗೆ ಒಂಬತ್ತರಿಂದ ನಾಲ್ಕರವರೆಗೆ. ಈ ಶಾಖೆಯನ್ನು ಆರಿಸಿಕೊಂಡವರಿಗೆ ರಾತ್ರಿ ಎಂಬುದು ಹೆಚ್ಚುವರಿ ಸೇವೆಯಲ್ಲ, ವೃತ್ತಿಯ ಅರ್ಧಭಾಗ. ಐವತ್ತು ದಾಟಿದ ಪ್ರಾಧ್ಯಾಪಕರನ್ನು ವಾರಕ್ಕೆ ಮೂರು ರಾತ್ರಿ ನಿಲ್ಲಿಸಿ ಎಂದಲ್ಲ. ಇರುವ ಆರೇಳು ಜನರಲ್ಲಿ ಸರದಿ ಹಂಚಿದರೆ ಒಬ್ಬೊಬ್ಬರ ಪಾಲಿಗೆ ವಾರಕ್ಕೊಂದು ರಾತ್ರಿ, ಮರುದಿನ ಪೂರ್ತಿ ರಜೆ. ಹಗಲು ಆಡಳಿತದ ಮೀಟಿಂಗುಗಳು ಒಂದೆರಡು ಮುಂದಕ್ಕೆ ಹೋದಾವು. ಹೋಗಲಿ.

‘ನಾವೂ ಹೀಗೇ ಕಲಿತೆವು, ಏನಾಯಿತು?’ ಎಂಬ ವಾದಕ್ಕೆ ಬಹಳ ಹೊತ್ತು ಬೇಡ. ಅಪ್ಪ ನೆಟ್ಟ ಆಲದ ಮರವೆಂದು ಜೋತುಬೀಳುವವರು ಏನೂ ಆಗದೆ ಉಳಿದ ವೈದ್ಯರು. ಏನೋ ಆದ ರೋಗಿಗಳು ಬಂದು ಸಾಕ್ಷಿ ಹೇಳುವಂತಿಲ್ಲ. ಆಗ ತೀವ್ರ ರೋಗಿಗಳಲ್ಲಿ ಅನೇಕರು ಆಸ್ಪತ್ರೆ ಮುಟ್ಟುವ ಮೊದಲೇ ಸಾಯುತ್ತಿದ್ದರು. ಈಗ ಆಂಬುಲೆನ್ಸ್ ಅವರನ್ನು ಜೀವಂತ ತಂದು ಬಾಗಿಲಲ್ಲಿ ಇಳಿಸುತ್ತದೆ. ಮಾಡಬಹುದಾದದ್ದು ಹೆಚ್ಚಿದೆ, ತಪ್ಪಬಹುದಾದದ್ದೂ.

ಇನ್ನೊಂದು ಸಂಗತಿಯನ್ನು ಗಂಟೆಗಳ ಚರ್ಚೆ ಮುಟ್ಟುವುದೇ ಇಲ್ಲ. ಸಾವಿನ ಸುದ್ದಿ ಹೇಳುವುದು. ರಾತ್ರಿ ಬೈಕ್ ಅಪಘಾತದಲ್ಲಿ ಬಂದ ಹುಡುಗ ಉಳಿಯದಿದ್ದಾಗ, ಹೊರಗೆ ಸೇರಿದ ಮೂವತ್ತು ನಲವತ್ತು ಜನರ ಮುಂದೆ ಹೋಗಿ ಅದನ್ನು ಹೇಳುವವರು 26–27ರ ವಯಸ್ಸಿನ ಪಿ.ಜಿ. ‘ದೊಡ್ಡ ಡಾಕ್ಟ್ರು ಎಲ್ಲಿ, ಯಾಕೆ ಯಾರೂ ಬರಲಿಲ್ಲ?’ ಎಂಬುದು ಆ ಗುಂಪಿನಿಂದ ಬರುವ ಮೊದಲ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರವಿಲ್ಲದೆ ನಿಂತವರ ಮೇಲೆ ಕೈ ಬೀಳುತ್ತದೆ. ವೈದ್ಯರ ಮೇಲಿನ ಹಲ್ಲೆ ತಡೆಯಲು ಕರ್ನಾಟಕ 2009ರಲ್ಲೇ ಕಾಯ್ದೆ ತಂದಿದೆ. ಅದು ಕೆಲಸಕ್ಕೆ ಬರುವುದು ಹೊಡೆತ ಬಿದ್ದ ಮೇಲೆ. ನರೆತ ತಲೆಯ ಒಬ್ಬರು ಮುಂದೆ ನಿಂತು, ‘ನಾನು ಇಲ್ಲೇ ಇದ್ದೆ, ನನ್ನ ಕಣ್ಣೆದುರೇ ಎಲ್ಲ ಪ್ರಯತ್ನ ಮಾಡಿದೆವು’ ಎಂದರೆ ಸಿಟ್ಟು ಇಳಿದೇ ಬಿಡುತ್ತದೆಂದಲ್ಲ. ಆ ಮಾತು ನಿಜವಾಗಿರುತ್ತದೆ, ಮತ್ತು ಪಕ್ಕದಲ್ಲಿ ನಿಂತ ಪಿ.ಜಿ. ಅದನ್ನು ಹೇಗೆ ಹೇಳಬೇಕೆಂದು ಕಲಿಯುತ್ತಾರೆ. ಇದಕ್ಕೂ ಲಾಗ್‌ಬುಕ್ಕಿನಲ್ಲಿ ಒಂದು ಸಾಲು ಇರಬೇಕಿತ್ತು.

ಇದನ್ನೆಲ್ಲ ಅಳೆಯುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಆಗಲೇ ಕಾಲೇಜುಗಳಲ್ಲಿದೆ. ಅಧ್ಯಾಪಕರ ಹಾಜರಿಯನ್ನು ಆಯೋಗ ಈಗ ಆಧಾರ್ ಜೋಡಿಸಿದ, ಮುಖ ಗುರುತಿಸುವ ವ್ಯವಸ್ಥೆಯಲ್ಲಿ ದಾಖಲಿಸಿಕೊಳ್ಳುತ್ತದೆ. ಕೆಲಸದ ದಿನಗಳಲ್ಲಿ 75 ಶೇಕಡಾ ಹಾಜರಿ ಇರಬೇಕೆಂಬ ನಿಯಮವೂ ಇದೆ. ಆ ವ್ಯವಸ್ಥೆಗೆ ಹಗಲು ರಾತ್ರಿಯ ಭೇದವಿಲ್ಲ, ಭೇದ ಇರುವುದು ನಾವು ಅದಕ್ಕೆ ಕೇಳುವ ಪ್ರಶ್ನೆಯಲ್ಲಿ. ತುರ್ತು ವೈದ್ಯ ವಿಭಾಗಗಳ ಮಟ್ಟಿಗೆ ಒಂದೇ ಒಂದು ಹೊಸ ಕಲಂ ಸೇರಿಸಿ, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಯಾವ ಅಧ್ಯಾಪಕರ ಮುಖ ದಾಖಲಾಗಿದೆ ಎಂದು ಕೇಳಬಹುದು, ಮುಂದಿನ ವರ್ಷದ ಸೀಟನ್ನು ಆ ಕಲಮಿಗೆ ಕಟ್ಟಬಹುದು. ಪಿ.ಜಿ.ಗಳನ್ನು ಮೂರು ತಿಂಗಳು ಜಿಲ್ಲಾ ಆಸ್ಪತ್ರೆಗೆ ಕಳಿಸುವ ಯೋಜನೆ 2021ರ ಬ್ಯಾಚಿನಿಂದ ಜಾರಿಯಲ್ಲಿದೆ. ಅಲ್ಲಿಯೂ ಇದೇ ಪ್ರಶ್ನೆ ಕೇಳಬೇಕಾಗುತ್ತದೆ, ಉತ್ತರ ಇನ್ನೂ ಕಷ್ಟದ್ದಿರುತ್ತದೆ. ಸದ್ಯಕ್ಕೆ ಡ್ಯೂಟಿ ರೂಮಿನ ರೋಸ್ಟರ್ ಹಾಳೆಯಲ್ಲಿ ನೈಟ್ ಎಂಬ ಸಾಲಿನ ಎದುರು ಪಿ.ಜಿ.ಯ ಹೆಸರಿದೆ. ಕನ್ಸಲ್ಟೆಂಟ್ ಎಂಬ ಸಾಲಿನ ಎದುರು ಹತ್ತಂಕಿಯ ಮೊಬೈಲ್ ನಂಬರು.